ತಾತನಿಗೆ ‘ನೀನು’ ಅನ್ನಬಹುದೇ?

ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಲ್ಲಿ ಸಾಮಾನಿನ ಗಾಡಿ ತಳ್ಳಿಕೊಂಡು ನಾವು ಹೊರಗೆ ಬಂದಾಗ ಮೊಮ್ಮಗಳು ಓಡಿ ಬಂದು ನನ್ನ ಕಾಲು ತಬ್ಬಿಕೊಂಡಳು. ಆಗ ಅವಳಿಗೆ 7 ವರ್ಷ. ಎರಡು ವರ್ಷದಿಂದ ಫೋನಿನ ಪರದೆಯಲ್ಲಷ್ಟೇ ನೋಡಿದ್ದ ಮಗು. ನನ್ನ ಕಣ್ಣು ತುಂಬಿ ಬಂತು. ಅವಳು ಮುಖವೆತ್ತಿ ಕೇಳಿದಳು:

“ತಾತಾ, ನೀನು ಯಾಕೆ ಇಷ್ಟು ಲೇಟಾಗಿ ಬಂದೆ?”

ತುಂಬಿದ ಕಣ್ಣು ಅಲ್ಲೇ ಆರಿತು. ಫೋನಿನಲ್ಲಿ ಅವಳು ‘ಹಾಯ್ ತಾತ, ಬೈ ತಾತ’ ಎನ್ನುವುದನ್ನು ಬಿಟ್ಟರೆ ಹೆಚ್ಚು ಮಾತಾಡಿದವಳಲ್ಲ. ಹಾಗಾಗಿ ನನಗಿದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ ‘ನೀನು’. ಅಪ್ಪನಿಗೆ, ತಾತನಿಗೆ ‘ನೀವು’. ಹೀಗೇಕೆ ಎಂದು ಯಾರೂ ಕೇಳಿದವರಿಲ್ಲ. ನಾನು ತಾಲ್ಲೂಕು ಕಚೇರಿಯಲ್ಲಿ 34 ವರ್ಷ ಗುಮಾಸ್ತನಾಗಿದ್ದವನು. “ಯಾರಿಗ್ರೀ ಏಕವಚನ ಹಾಕ್ತೀರಿ?” ಎಂಬ ಒಂದು ಮಾತಿನಿಂದ ಎಷ್ಟು ಜಗಳಗಳು ಹೊತ್ತಿಕೊಳ್ಳುತ್ತವೆಂದು ಕಣ್ಣಾರೆ ಕಂಡವನು.

“ಪುಟ್ಟಿ, ತಾತನಿಗೆ ‘ನೀವು’ ಅನ್ನಬೇಕಮ್ಮ. ‘ನೀವು ಯಾಕೆ ಲೇಟಾಗಿ ಬಂದಿರಿ’ ಅನ್ನು, ನೋಡೋಣ” ಎಂದೆ.

ಪುಟ್ಟಿ ನನ್ನ ಕಾಲು ಬಿಟ್ಟಳು. ಏನೂ ಅನ್ನಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು ಕಾರಿನತ್ತ ಹೊರಟಳು. ಮಗಳು, “ಹೋಗಲಿ ಬಿಡಿ ಅಪ್ಪಾ, ಕಲೀತಾಳೆ” ಎಂದಳು.

ಅವಳು ಕಲಿತದ್ದು ಬೇರೆಯದನ್ನೇ. ಆಮೇಲಿನ ದಿನಗಳಲ್ಲಿ ನನಗೆ ‘ನೀನು’ ಅನ್ನಲಿಲ್ಲ. ‘ನೀವು’ ಎಂದೂ ಅನ್ನಲಿಲ್ಲ. “ತಾತ, ಊಟ” ಎನ್ನುತ್ತಿದ್ದಳು. “ತಾತ, ಫೋನ್” ಎನ್ನುತ್ತಿದ್ದಳು. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಅಜ್ಜಿಯ ಹತ್ತಿರ ಒಯ್ಯುತ್ತಿದ್ದಳು. ನಮಗೆ ಸಿಕ್ಕಿದ್ದ ವೀಸಾ 90 ದಿನದ್ದು. ಅದರಲ್ಲಿ ಮೊದಲ ವಾರ ಹೀಗೇ ಕಳೆಯಿತು.

ಅವಳ ಜೊತೆ ರಾಜಿಯಾಗಲು ನಾನೊಂದು ಉಪಾಯ ಹೂಡಿದೆ. “ಪುಟ್ಟಿ, ನನಗೆ ಜರ್ಮನ್ ಹೇಳಿಕೊಡ್ತೀಯಾ?” ಎಂದೆ. ಮಕ್ಕಳಿಗೆ ಮೇಷ್ಟ್ರಾಗುವುದೆಂದರೆ ಎಷ್ಟು ಇಷ್ಟ! ಸಂಜೆ ಶಾಲೆಯಿಂದ ಬಂದವಳೇ ನೋಟುಪುಸ್ತಕ ತೆಗೆದಳು. ‘ಇಖ್’ ಎಂದರೆ ನಾನು. ‘ಡೂ’ ಎಂದರೆ ನೀನು. ‘ಏರ್’ ಎಂದರೆ ಅವನು. ‘ಝೀ’ ಎಂದರೆ ಅವಳು. ‘ವೀ ಹೈಸ್ಟ್ ಡೂ?’ ಎಂದರೆ ನಿನ್ನ ಹೆಸರೇನು? ‘ವೋ ವೋನ್ಸ್ಟ್ ಡೂ?’ ಎಂದರೆ ನೀನು ಎಲ್ಲಿ ವಾಸವಾಗಿದ್ದೀಯ? ಹತ್ತು ದಿನದಲ್ಲಿ ಇಪ್ಪತ್ತು ವಾಕ್ಯ ಬಾಯಿಪಾಠವಾದವು. ನನಗೂ ಹೆಮ್ಮೆ, ಗುರುವಿಗೂ ಹೆಮ್ಮೆ.

ಆ ಊರಿನ ಕಡೆ ಒಂದು ಪದ್ಧತಿಯಿದೆ. ‘ಕೇರ್‌ವೊಖೆ’ ಅನ್ನುತ್ತಾರೆ. ಅಂದರೆ ಗುಡಿಸುವ ವಾರ. ಒಂದೇ ಕಟ್ಟಡದಲ್ಲಿರುವ ಮನೆಗಳವರು ಸರದಿಯ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ. ಆ ವಾರ ನಮ್ಮ ಬಾಗಿಲಿನಲ್ಲಿ ಅದು ತೂಗುತ್ತಿತ್ತು. ನಾನೇ ಪೊರಕೆ ಹಿಡಿದು ಮೆಟ್ಟಿಲಿಗೆ ಇಳಿದೆ.

ಮೇಲಿನ ಮನೆಯ ಅಜ್ಜಿ ಕೈಚೀಲ ಹಿಡಿದು ಇಳಿದು ಬಂದರು. ಎಂಬತ್ತರ ಹತ್ತಿರದ ವಯಸ್ಸು. ನೆಟ್ಟಗಿನ ನಡಿಗೆ. ನಾನು ಪೊರಕೆಯನ್ನು ಗೋಡೆಗೊರಗಿಸಿ, “ಗ್ರೂಸ್ ಗಾಟ್” ಎಂದು ಆ ಸೀಮೆಯ ನಮಸ್ಕಾರ ಹೇಳಿದೆ. ಅವರೂ ಹೇಳಿದರು. ಕಲಿತ ವಿದ್ಯೆ ಸುಮ್ಮನಿರುತ್ತದೆಯೇ? ನಗುತ್ತಾ ಕೇಳಿಯೇಬಿಟ್ಟೆ: “ವೀ ಹೈಸ್ಟ್ ಡೂ?”

ಅವರು ಒಂದು ಕ್ಷಣ ನಿಂತರು. ಆಮೇಲೆ, ಹೆಸರಿನ ಹಿಂದೆ ‘ಫ್ರಾವ್’ ಸೇರಿಸಿ ತಮ್ಮ ಮನೆತನದ ಹೆಸರನ್ನು ನಿಧಾನವಾಗಿ ಹೇಳಿದರು. ಹೇಳಿ, “ಉಂಡ್ ಝೀ?” ಎಂದರು. ‘ಉಂಡ್’ ಎಂದರೆ ಮತ್ತು. ‘ಝೀ’ ಎಂದರೆ ಅವಳು ಎಂದು ನನ್ನ ಗುರು ಕಲಿಸಿದ್ದಳಲ್ಲ? ‘ಮತ್ತೆ, ಅವಳು?’ ಎಂದು ಕೇಳುತ್ತಿದ್ದಾರೆ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಓಹೋ, ಹೆಂಡತಿಯ ವಿಷಯ ಇರಬೇಕೆಂದು ಬಾಗಿಲಿನ ಕಡೆ ಕೈತೋರಿಸಿ, “ಮೈನೆ ಫ್ರಾವ್, ಒಳಗಿದ್ದಾಳೆ” ಎಂದು ಅರ್ಧ ಜರ್ಮನ್, ಅರ್ಧ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ ಇಳಿದು ಹೋದರು.

ಸಂಜೆ ಮಗಳಿಗೆ ಇದನ್ನು ಹೇಳಿದರೆ ಅವಳು ಹಣೆ ಹಣೆ ಚಚ್ಚಿಕೊಂಡಳು.

“ಅಯ್ಯೋ ಅಪ್ಪಾ! ಅವರಿಗೆ ಏಕವಚನ ಹಾಕಿ ಬಂದಿದ್ದೀರಿ! ನಾವು ಇಲ್ಲಿಗೆ ಬಂದು 6 ವರ್ಷವಾಯಿತು, ನಾನೇ ಇನ್ನೂ ಅವರಿಗೆ ಬಹುವಚನ.”

ನಾನು ಪುಟ್ಟಿಯ ಕಡೆ ನೋಡಿದೆ. “ಇದನ್ನ ಯಾಕಮ್ಮ ಹೇಳಿಕೊಡಲಿಲ್ಲ?” ಎಂದೆ. ಅವಳು ಆಶ್ಚರ್ಯದಿಂದ, “ತಾತ ನನ್ನ ಜೊತೆ ತಾನೇ ಜರ್ಮನ್ ಮಾತಾಡೋದು!” ಎಂದಳು. ನಿಜವೇ. ನಾನು ಕಲಿತದ್ದು 7 ವರ್ಷದ ಹುಡುಗಿಯ ಜೊತೆ ಆಡುವ ಜರ್ಮನ್.

ಅಂದು ರಾತ್ರಿ ಮಗಳು ಕೂರಿಸಿಕೊಂಡು ವಿವರಿಸಿದಳು. ಜರ್ಮನ್ ಕಲಿಯುವ ಆಸೆಯಿರುವ ಮಕ್ಕಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇನೆ.

ನಮ್ಮ ಕನ್ನಡದ ‘ನೀವು’ ಎರಡು ಕೆಲಸ ಮಾಡುತ್ತದೆ. ಹಲವು ಜನರಿದ್ದರೂ ನೀವು, ಗೌರವ ಕೊಡಬೇಕಾದ ಒಬ್ಬರಿದ್ದರೂ ನೀವು. ಜರ್ಮನ್ನರು ಈ ಎರಡು ಕೆಲಸಕ್ಕೆ ಎರಡು ಪದ ಇಟ್ಟುಕೊಂಡಿದ್ದಾರೆ. ಸಲುಗೆಯ ಒಬ್ಬರಿಗೆ ‘ಡೂ’. ಸಲುಗೆಯ ಹಲವರಿಗೆ ‘ಈರ್’. ಗೌರವದ ಮಾತಿಗೆ, ಒಬ್ಬರಿರಲಿ ಹತ್ತು ಜನರಿರಲಿ, ‘ಝೀ’. ಪದ ಬದಲಾದರೆ ಕ್ರಿಯಾಪದದ ಬಾಲವೂ ಬದಲಾಗಬೇಕು. ‘ನೀನು ಬರುತ್ತೀಯ’ ಎಂಬುದು ‘ಡೂ ಕೊಮ್ಸ್ಟ್’. ಗೆಳೆಯರ ಗುಂಪಿಗೆ ‘ನೀವು ಬರುತ್ತೀರಿ’ ಎಂದರೆ ‘ಈರ್ ಕೊಮ್ಟ್’. ಗೌರವದಿಂದಾದರೆ ‘ಝೀ ಕೊಮ್ಮೆನ್’. ಹಾಗಾಗಿ ನಾನು ಆ ಅಜ್ಜಿಗೆ ಕೇಳಬೇಕಾಗಿದ್ದದ್ದು ‘ವೀ ಹೈಸೆನ್ ಝೀ?’ ಎಂದು.

“ಮತ್ತೆ ಝೀ ಅಂದರೆ ಅವಳು ಎಂದಳಲ್ಲ ಪುಟ್ಟಿ?” ಎಂದು ಕೇಳಿದೆ.

ಅದೂ ಸರಿಯೇ ಅಂತೆ. ಝೀ ಎಂಬ ಒಂದೇ ಸದ್ದಿಗೆ ಅವಳು, ಅವರು, ತಾವು ಎಂಬ ಮೂರು ಅರ್ಥ. ‘ಝೀ ಕೊಮ್ಟ್’ ಎಂದರೆ ಅವಳು ಬರುತ್ತಾಳೆ. ‘ಝೀ ಕೊಮ್ಮೆನ್’ ಎಂದರೆ ಅವರು ಬರುತ್ತಾರೆ, ಇಲ್ಲವೇ ತಾವು ಬರುತ್ತೀರಿ. ಬರೆಯುವಾಗ ಗೌರವದ ಝೀ ಪದದ ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡ ಎಸ್ ಆಗಿರಬೇಕು. ಆಡುವಾಗ ಸಂದರ್ಭ ನೋಡಿಯೇ ತಿಳಿಯಬೇಕು.

ಎದುರಿಗೇ ಇರುವವರನ್ನು ‘ಅವರು’ ಎಂದು ಕರೆಯುವುದೆಂದರೆ ಎಂಥ ವಿಚಿತ್ರ ಎಂದು ಮೊದಲು ಅನ್ನಿಸಿತು. ಹಾಸಿಗೆಯಲ್ಲಿ ಮಲಗಿ ಯೋಚಿಸುವಾಗ ನಮ್ಮ ‘ತಾವು’ ನೆನಪಾಯಿತು. ‘ಅವರು ತಾವು ಬರುವುದಿಲ್ಲ ಎಂದರು’ ಎನ್ನುವಾಗ ತಾವು ಎಂಬುದು ಮೂರನೆಯವರ ಮಾತು. ಅದನ್ನೇ ಎದುರಿಗಿರುವ ದೊಡ್ಡವರಿಗೆ ತಿರುಗಿಸಿ ‘ತಾವು ದಯಮಾಡಿಸಬೇಕು’ ಎನ್ನುತ್ತೇವೆ. ನೇರವಾಗಿ ಬೆರಳು ತೋರಿಸದೆ, ಸ್ವಲ್ಪ ಪಕ್ಕಕ್ಕೆ ಸರಿದು ಕರೆಯುವ ರೀತಿ. 34 ವರ್ಷ ‘ತಮ್ಮ ಗಮನಕ್ಕೆ ತರಬಯಸುತ್ತೇನೆ’ ಎಂದು ಬರೆದ ಗುಮಾಸ್ತನಿಗೆ ಝೀ ಪದದ ಗುಟ್ಟು ಹೊಳೆಯಲು ಅಷ್ಟು ಹೊತ್ತು ಬೇಕಾಯಿತು!

ಆ ಭಾನುವಾರ ಅಳಿಯ ನಮ್ಮನ್ನು ಹತ್ತಿರದ ಟ್ಯೂಬಿಂಗೆನ್ ಊರಿಗೆ ಕರೆದೊಯ್ದರು. ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. 1853ರಲ್ಲಿ ನಮ್ಮ ನಾಡಿಗೆ ಬಂದ ಅವರು ನೀನು, ನೀವು, ತಾವುಗಳನ್ನು ಕಲಿತು, 1894ರಲ್ಲಿ ಆ ದೊಡ್ಡ ನಿಘಂಟನ್ನು ಹೊರತಂದರು. ಅವರೂ ಮೊದಮೊದಲು ಯಾರೋ ಹಿರಿಯರಿಗೆ ‘ನೀನು’ ಅಂದು ಪೇಚಿಗೆ ಸಿಕ್ಕಿರಬಹುದಲ್ಲವೇ ಎಂದುಕೊಂಡೆ. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಇನ್ನು ಮುಂದೆ ತಪ್ಪಬಾರದೆಂದು ಎಲ್ಲರಿಗೂ ಝೀ ಹಚ್ಚಲು ಶುರುಮಾಡಿದೆ. ಬೇಕರಿಯವರಿಗೆ ಝೀ, ಬಸ್ಸಿನ ಡ್ರೈವರಿಗೆ ಝೀ. ಎಲ್ಲ ಸುಸೂತ್ರವಾಗಿತ್ತು. ಒಂದು ಸಂಜೆ ಪುಟ್ಟಿಯನ್ನು ಆಟದ ಬಯಲಿಗೆ ಕರೆದುಕೊಂಡು ಹೋದೆ. ಅವಳ ಗೆಳತಿಯ ತಮ್ಮ, ಐದು ವರ್ಷದ ಪೋರ, ಮರಳಿನಲ್ಲಿ ಆಡುತ್ತಿದ್ದ. ನಾನು ಬಗ್ಗಿ, “ವೀ ಆಲ್ಟ್ ಝಿಂಡ್ ಝೀ?” ಎಂದು ಅವನ ವಯಸ್ಸು ಕೇಳಿದೆ. ‘ತಮಗೆ ಎಷ್ಟು ವಯಸ್ಸು?’ ಎಂದ ಹಾಗೆ. ಆ ಹುಡುಗ ಹಿಂದಕ್ಕೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ನಾನು ನೋಡಿದ ಹಾಗೆಯೇ! ಸುತ್ತಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು.

ಪುಟ್ಟಿಯೂ ನಕ್ಕಳು. ಎಷ್ಟೋ ದಿನದ ಮೇಲೆ ನನ್ನ ಕೈ ಹಿಡಿದುಕೊಂಡು ಮನೆ ಕಡೆ ನಡೆದಳು. ದಾರಿಯುದ್ದಕ್ಕೂ ಪಾಠ.

“ಚಿಕ್ಕವರಿಗೆ ಡೂ. ಫ್ರೆಂಡ್ಸ್‌ಗೆ ಡೂ. ನಾಯಿಗೂ ಡೂ, ಬೆಕ್ಕಿಗೂ ಡೂ. ದೇವರಿಗೂ ಡೂ. ಅಮ್ಮ, ಅಪ್ಪ, ಓಮಾ, ಓಪಾ ಎಲ್ಲರಿಗೂ ಡೂ.” ಓಮಾ ಎಂದರೆ ಅಜ್ಜಿ, ಓಪಾ ಎಂದರೆ ತಾತ.

“ತಾತನಿಗೂ ಡೂ ಅಂತಾರಾ? ಝೀ ಅನ್ನಲ್ವಾ?” ಎಂದೆ.

“ಅಯ್ಯೋ! ಝೀ ಅನ್ನೋದು ಅಂಗಡಿಯವರಿಗೆ, ಡಾಕ್ಟರಿಗೆ, ನಮ್ಮ ಟೀಚರಿಗೆ. ಮನೆಯವರಿಗೆ ಯಾರಾದರೂ ಝೀ ಅಂತಾರಾ? ಓಪಾಗೆ ಝೀ ಅಂದರೆ ಓಪಾ ಅತ್ತೇಬಿಡ್ತಾರೆ.” ಇಷ್ಟು ಹೇಳಿ ಸುಮ್ಮನಾದಳು. ನಾಲ್ಕು ಹೆಜ್ಜೆ ನಡೆದ ಮೇಲೆ, ಕೆಳಗೆ ನೋಡುತ್ತಲೇ ಕೇಳಿದಳು: “ಅವತ್ತು ಏರ್‌ಪೋರ್ಟ್‌ನಲ್ಲಿ ನನಗೆ ಝೀ ಅನ್ನು ಅಂದೆಯಲ್ಲ. ನಾನು ನಿಮ್ಮ ಮನೆಯವಳಲ್ವಾ ತಾತ?”

ನನಗೆ ಮಾತು ಹೊರಡಲಿಲ್ಲ. ಆ ಮಗುವಿನ ಕಿವಿಯಲ್ಲಿ ನನ್ನ ‘ನೀವು’ ಝೀ ಆಗಿ ಕೇಳಿಸಿತ್ತು. ಗೌರವ ಕಲಿಸುತ್ತಿದ್ದೇನೆಂದು ನಾನು ತಿಳಿದಿದ್ದೆ. ಅವಳು, ತಾತ ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರು ಎಂದು ತಿಳಿದಿದ್ದಳು. ಎತ್ತಿಕೊಳ್ಳುವ ವಯಸ್ಸು ಅವಳದಲ್ಲ, ಎತ್ತುವ ಸೊಂಟ ನನ್ನದಲ್ಲ. ಆದರೂ ಎತ್ತಿಕೊಂಡೆ.

ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಾ ತಲೆ ಎತ್ತದೆ ಅಂದಳು: “ನಲವತ್ತು ವರ್ಷದಿಂದ ನನಗೆ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ನೀನು ಅಂತಲೇ ಅನ್ನೋದು. ನನಗೇನು ಮರ್ಯಾದೆ ಕಡಿಮೆಯಾಯ್ತಾ? ನೀವು ಒಂದು ಸಲನಾದರೂ ಅವರನ್ನ ತಿದ್ದಿದ್ದೀರಾ?”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ವಚನಕಾರರು ದೇವರನ್ನು ನೀನು ಅಂದರು. ದಾಸರೂ ಹಾಗೇ ಅಂದರು. ತಾಯಿಗೂ ದೇವರಿಗೂ ಸಲ್ಲುವ ಪದ ನನಗೆ ಮಾತ್ರ ಕಡಿಮೆಯಾಗಿ ಕಂಡಿತ್ತು.

ಆದರೆ ಮೇಲಿನ ಮನೆಯ ಅಜ್ಜಿಯ ಲೆಕ್ಕ ಇನ್ನೂ ಬಾಕಿಯಿತ್ತು. ಮೈಸೂರಿನಿಂದ ಒಯ್ದಿದ್ದ ಮೈಸೂರು ಪಾಕಿನ ಡಬ್ಬಿಯೊಂದಿಗೆ ಒಂದು ಚೀಟಿ ಬರೆದು ಕಳಿಸುವುದೆಂದು ತೀರ್ಮಾನಿಸಿದೆ. ಅವತ್ತಿನ ತಪ್ಪಿಗೆ ಕ್ಷಮೆ ಇರಲಿ, ನನ್ನ ತಡವರಿಕೆಯನ್ನು ಸಹಿಸಿಕೊಂಡದ್ದಕ್ಕೆ ಧನ್ಯವಾದ ಎಂದು ಎರಡೇ ಸಾಲು. ‘ಇಖ್ ಡಾಂಕೆ ಈನೆನ್’ ಎಂದು ಬರೆದದ್ದನ್ನು ಮಗಳು ನೋಡಿ ತಡೆದಳು. ‘ಈನೆನ್’ ಪದದ ಮೊದಲಕ್ಷರವನ್ನು ನಾನು ಚಿಕ್ಕದಾಗಿ ಬರೆದಿದ್ದೆ. ಹಾಗೆ ಬರೆದರೆ ‘ಅವರಿಗೆಲ್ಲ ಧನ್ಯವಾದ’ ಎಂದಾಗುತ್ತದೆ. ದೊಡ್ಡ ಅಕ್ಷರ ಹಾಕಿದರೆ ಮಾತ್ರ ‘ತಮಗೆ ಧನ್ಯವಾದ’. ಒಂದು ಅಕ್ಷರದ ಎತ್ತರದಲ್ಲಿ ಅಷ್ಟು ವ್ಯತ್ಯಾಸ!

ಮಾರನೆಯ ದಿನ ಅವರಿಂದ ಕಾಫಿಗೆ ಕರೆ ಬಂತು. ಮಗಳು ದುಭಾಷಿಯಾಗಿ ಜೊತೆಗೆ ಬಂದಳು. ಸೇಬಿನ ಕೇಕು, ಬಿಳಿ ಬಟ್ಟೆ ಹಾಸಿದ ಮೇಜು. ನಾನು ಕ್ಷಮೆ ಕೇಳಿದಾಗ ಅವರು ನಕ್ಕುಬಿಟ್ಟರು. ಮಕ್ಕಳಿಗೂ ಹೊಸದಾಗಿ ಕಲಿಯುವವರಿಗೂ ಈ ತಪ್ಪು ಮಾಫಿಯಂತೆ. ಆಮೇಲೆ ಅವರು ಹೇಳಿದ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೆಳಗಿನ ಮನೆಯಾಕೆಯೂ ಇವರೂ 30 ವರ್ಷದ ನೆರೆಹೊರೆ. ಒಬ್ಬರ ಮನೆಯ ಬೀಗದ ಕೈ ಇನ್ನೊಬ್ಬರ ಬಳಿ ಇರುತ್ತದೆ. ಕಾಯಿಲೆಯಾದರೆ ಗಂಜಿ ಕಾಯಿಸಿ ಕೊಡುವಷ್ಟು ಆತ್ಮೀಯರು. ಆದರೂ ಇವತ್ತಿಗೂ ಒಬ್ಬರಿಗೊಬ್ಬರು ಝೀ ಎನ್ನುತ್ತಾರೆ. “ಅದೇ ನಮಗೆ ಹಿತ” ಎಂದರು.

ಡೂ ಎನ್ನಲು ಅಲ್ಲೊಂದು ಕ್ರಮವಿದೆ. ಅದನ್ನು ಹಿರಿಯರು ಕೊಡಬೇಕು. ಕಿರಿಯರು ತಾವಾಗಿ ತೆಗೆದುಕೊಳ್ಳುವಂತಿಲ್ಲ. ಕಚೇರಿಯಲ್ಲಾದರೆ ಮೇಲಿನವರು ಕೊಡಬೇಕು. ‘ಇನ್ನು ಮೇಲೆ ನಾವು ಡೂ ಎನ್ನೋಣವೇ?’ ಎಂದು ಹೇಳಿ, ಮನೆತನದ ಹೆಸರಿನ ಬದಲು ತಮ್ಮ ಸ್ವಂತ ಹೆಸರನ್ನು ಹೇಳುತ್ತಾರೆ. ಹಿಂದೆಲ್ಲ ಇಬ್ಬರೂ ಲೋಟ ಹಿಡಿದ ಕೈಗಳನ್ನು ಒಂದರೊಳಗೊಂದು ಹೆಣೆದು ಕುಡಿಯುವ ಶಾಸ್ತ್ರವೂ ಇತ್ತಂತೆ. ಡೂ ಎಂದು ಕರೆಯುವುದಕ್ಕೂ ಝೀ ಎಂದು ಕರೆಯುವುದಕ್ಕೂ ಅವರಲ್ಲಿ ಬೇರೆ ಬೇರೆ ಕ್ರಿಯಾಪದಗಳೇ ಇವೆ: ‘ಡೂಟ್ಸೆನ್’, ‘ಝೀಟ್ಸೆನ್’. ಶಾಲೆಯಲ್ಲಿ ಮಕ್ಕಳಿಗೆ ಡೂ ಎನ್ನುವ ಮೇಷ್ಟ್ರುಗಳು, ಅವರು 16ರ ಸುಮಾರಿಗೆ ಬಂದು ಮೇಲಿನ ತರಗತಿಗೆ ಹೋದಾಗ ಸಾಮಾನ್ಯವಾಗಿ ಝೀ ಎನ್ನತೊಡಗುತ್ತಾರೆ. ನೀನು ಈಗ ದೊಡ್ಡವನಾದೆ ಎಂದು ಹೇಳುವ ಒಂದು ರೀತಿ ಅದು.

ಅವರು ನನಗೆ ಡೂ ಕೊಡಲಿಲ್ಲ. ನನಗೂ ಬೇಸರವಾಗಲಿಲ್ಲ. ಬಾಗಿಲವರೆಗೂ ಬಂದು, ಬಿಸಿ ಬಿಸಿ ಕೇಕಿನ ತುಂಡೊಂದನ್ನು ಪುಟ್ಟಿಗೆಂದು ಕಟ್ಟಿಕೊಟ್ಟು, ಝೀ ಎಂದೇ ಬೀಳ್ಕೊಟ್ಟರು. ಝೀ ಎಂದ ಮಾತ್ರಕ್ಕೆ ಪ್ರೀತಿ ಇಲ್ಲವೆಂದಲ್ಲ. ಡೂ ಎಂದ ಮಾತ್ರಕ್ಕೆ ಮರ್ಯಾದೆ ಇಲ್ಲವೆಂದೂ ಅಲ್ಲ. ಇಷ್ಟು ತಿಳಿಯಲು ನಾನು 71ನೆಯ ವಯಸ್ಸಿನಲ್ಲಿ ಜರ್ಮನ್ ಕಲಿಯಬೇಕಾಯಿತು.

ಮೆಟ್ಟಿಲಿಳಿಯುವಾಗಲೇ ಮನಸ್ಸಿನಲ್ಲಿ ಒಂದು ಆಲೋಚನೆ ಬಂತು. ಕೊಡಬೇಕಾದವರು ಹಿರಿಯರು ತಾನೇ? ನಮ್ಮ ಮನೆಯಲ್ಲಿ ಹಿರಿಯ ನಾನೇ.

ಅಂದು ಊಟವಾದ ಮೇಲೆ ಎರಡು ಲೋಟ ಮಜ್ಜಿಗೆ ತರಿಸಿದೆ. ಪುಟ್ಟಿಯನ್ನು ಎದುರಿಗೆ ನಿಲ್ಲಿಸಿದೆ. ಗಂಟಲು ಸರಿಮಾಡಿಕೊಂಡು, “ಪುಟ್ಟಿ, ನಾನು ದೊಡ್ಡವನು. ಆದ್ದರಿಂದ ನಾನೇ ಕೊಡಬೇಕು. ಇವತ್ತಿನಿಂದ ನೀನು ನನಗೆ ‘ನೀನು’ ಅನ್ನಬಹುದು” ಎಂದು ನನ್ನ ಹೆಸರನ್ನೂ ಹೇಳಿದೆ. ಅವಳ ಕಣ್ಣು ಅಗಲವಾದವು. ಅವಳಿಗೆ ಆ ಶಾಸ್ತ್ರ ಗೊತ್ತಿತ್ತು. ಕೈಗೆ ಕೈ ಹೆಣೆದು ಇಬ್ಬರೂ ಮಜ್ಜಿಗೆ ಕುಡಿದೆವು. ಅರ್ಧ ನನ್ನ ಶರ್ಟಿನ ಮೇಲೆ ಬಿತ್ತು.

“ಒಂದು ಷರತ್ತು” ಎಂದೆ. “ನಮ್ಮೂರಿನಲ್ಲಿ ಬೇರೆ ದೊಡ್ಡವರಿಗೆ ಮೊದಲು ‘ನೀವು’ ಅನ್ನಬೇಕು. ಕನ್ನಡದ ನೀವು ಝೀ ಥರ ಅಲ್ಲ. ಅದನ್ನು ಮನೆಯವರಿಗೂ ಅನ್ನಬಹುದು. ಅದರಲ್ಲಿ ಪ್ರೀತಿಯೂ ಇರುತ್ತೆ.”

ಅವಳು ಯೋಚಿಸಿದಳು. “ಅವರು ಕೊಟ್ಟರೆ?”

“ಕೊಟ್ಟರೆ ಸರಿ.”

ಉಳಿದ ದಿನಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ‘ತಾತಾ, ನೀನು ಚಿಕ್ಕವನಿದ್ದಾಗ ಏನು ಆಟ ಆಡ್ತಿದ್ದೆ?’ ‘ತಾತಾ, ನಿನಗೆ ಹಲ್ಲು ಯಾಕೆ ಇಷ್ಟೇ ಇದೆ?’ ಮೊದಲ ವಾರ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಗಳೆಲ್ಲ ಬಂದವು. ಹೊರಡುವ ದಿನ ಮೇಲಿನ ಮನೆಯ ಅಜ್ಜಿ ಒಂದು ಬಾಟಲಿ ಜಾಮು ಕೊಟ್ಟರು. ಜೊತೆಗಿದ್ದ ಚೀಟಿಯಲ್ಲಿ ‘ಈನೆನ್’ ಎಂದಿತ್ತು. ಮೊದಲ ಅಕ್ಷರ ದೊಡ್ಡದು.

ಕಳೆದ ಬೇಸಿಗೆಯಲ್ಲಿ ಮಗಳ ಸಂಸಾರ ಮೈಸೂರಿಗೆ ಬಂದಿತ್ತು. ಪುಟ್ಟಿಯನ್ನು ನನ್ನ ಅಣ್ಣನ ಮನೆಗೆ ಕರೆದುಕೊಂಡು ಹೋದೆ. ಅಣ್ಣನಿಗೆ 80 ದಾಟಿದೆ. ಅವರ ಎದುರು ನಾನು ಇವತ್ತಿಗೂ ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. ಪುಟ್ಟಿ ಅವರ ಕಾಲಿಗೆ ನಮಸ್ಕಾರ ಮಾಡಿ, “ದೊಡ್ಡ ತಾತ, ನೀವು ಹೇಗಿದ್ದೀರಾ?” ಎಂದು ಸ್ಪಷ್ಟವಾಗಿ ಕೇಳಿದಳು. ನನಗೆ ಹೆಮ್ಮೆಯಾಯಿತು. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ಅವರ ಕುರ್ಚಿಯ ಕೈ ಹಿಡಿದುಕೊಂಡು ಮುಂದುವರಿಸಿದಳು:

“ನೀವು ನನಗೆ ‘ನೀನು’ ಕೊಡ್ತೀರಾ?”

ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿದರು. ಅಣ್ಣ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಮ್ಮ ಮಜ್ಜಿಗೆಯ ಕಥೆಯನ್ನು ನಾನು ಫೋನಿನಲ್ಲಿ ಅವರಿಗೆ ಎಂದೋ ಹೇಳಿದ್ದೆ. ಅವರು ಆಗ ‘ಹೂಂ’ ಎಂದಷ್ಟೇ ಅಂದಿದ್ದರು.

ಅಣ್ಣ ಅಡುಗೆಮನೆಯ ಕಡೆ ತಿರುಗಿ ಕೂಗಿದರು: “ಯಾರಲ್ಲಿ? ಎರಡು ಲೋಟ ಮಜ್ಜಿಗೆ ತನ್ನಿ!”